ಗುಟ್ಟಿನ ಮದುವೆಯ ಕುಲ

ಮದುವೆಮನೆಯಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು ಅಜ್ಜಿಯರನ್ನು ಅಕ್ಕಪಕ್ಕ ಕೂರಿಸಿ ನೋಡಿ. ಊಟದ ಎಲೆ ಹಾಕುವಷ್ಟರಲ್ಲಿ "ಹಾಗಾದರೆ ನೀವು ನಮ್ಮ ದೊಡ್ಡಪ್ಪನ ಸೊಸೆಯ ತವರಿನವರು" ಎಂಬಲ್ಲಿಗೆ ಮಾತು ಬಂದು ನಿಂತಿರುತ್ತದೆ. ಮೂಗು ಒಂದೇ ಥರ ಇದೆ, ನಡಿಗೆ ಒಂದೇ ಥರ ಇದೆ ಎಂಬುದನ್ನೆಲ್ಲ ಅವರು ಹೆಚ್ಚು ನಂಬುವುದಿಲ್ಲ. ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದರು, ಯಾರನ್ನು ಎಲ್ಲಿಗೆ ಕೊಟ್ಟರು, ಎಲ್ಲಿಂದ ತಂದರು, ಇಷ್ಟೇ ಅವರ ಲೆಕ್ಕ. ಗಿಡಮರಗಳ ನಂಟಸ್ತಿಕೆಯನ್ನೂ ಹೀಗೆ ಹುಡುಕಬೇಕೆಂದು ಪಂಡಿತರಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಜರೀಗಿಡಗಳ ವಿಷಯದಲ್ಲಂತೂ ಲೆಕ್ಕ ತಾಳೆಯಾಗಲು ಸುಮಾರು ಇನ್ನೂರೈವತ್ತು ವರ್ಷ ಬೇಕಾಯಿತು.

ಜರೀಗಿಡ ನಮಗೆ ಅಪರೂಪದ್ದೇನಲ್ಲ. ಹಳೆಯ ಬಾವಿಯ ಒಳಗೋಡೆಯಲ್ಲಿ, ಬಚ್ಚಲ ನೀರು ಹರಿದುಹೋಗುವ ಮೂಲೆಯಲ್ಲಿ, ಸೋರುವ ಟ್ಯಾಂಕಿನ ಅಡಿಯಲ್ಲಿ ಯಾರೂ ನೆಡದೆ ಹುಟ್ಟಿಕೊಳ್ಳುವ, ಚಕ್ಕುಲಿಯ ಹಾಗೆ ಸುತ್ತಿಕೊಂಡ ಚಿಗುರನ್ನು ನಿಧಾನವಾಗಿ ಬಿಚ್ಚುವ ಗಿಡ ಅದು. ಕೊಡಗಿನವರು ಮಳೆಗಾಲದಲ್ಲಿ ನೀರಿನ ಬದಿಯ ಒಂದು ಜಾತಿಯ ಎಳೆ ಸುರುಳಿಯನ್ನು ಕೊಯ್ದು ತಂದು 'ತೆರ್ಮೆ ತೊಪ್ಪು' ಎಂದು ಪಲ್ಯ ಮಾಡುತ್ತಾರೆ. ಎಲೆಯ ಬೆನ್ನಿಗೆ ಬಿಳಿ ಪುಡಿ ಬಳಿದುಕೊಂಡಿರುವ ಇನ್ನೊಂದು ಜಾತಿಯನ್ನು ಮುಂಗೈಗೆ ಒತ್ತಿ ಬೆಳ್ಳಿಯ ಹಚ್ಚೆ ಹಾಕಿಕೊಳ್ಳುವುದು ಮಲೆನಾಡಿನ ಮಕ್ಕಳೆಲ್ಲ ಬಲ್ಲ ಆಟ. ಹೇಳಿಬಿಡುತ್ತೇನೆ, ಆ ಬೆಳ್ಳಿ ಗಿಡ ನಮ್ಮದಲ್ಲ. ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮ ಘಟ್ಟದಲ್ಲಿ ಒಕ್ಕಲಾದದ್ದು.

ನಾನು ವಿಜ್ಞಾನ ಓದಿದವಳಲ್ಲ. ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷಗಳಿಂದ ಸಮಾಜ ಪಾಠ ಹೇಳುತ್ತಿರುವವಳು. ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದ್ದ ಎರಡು ವರ್ಷ ಎಂಟನೆಯ ತರಗತಿಯ ಸಸ್ಯಗಳ ಪಾಠ ನನ್ನ ಪಾಲಿಗೆ ಬಂತು. "ಹೂವೇ ಇಲ್ಲ ಅಂದ್ಮೇಲೆ ಇದಕ್ಕೆ ಮರಿ ಹೆಂಗೆ ಟೀಚರ್?" ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಉತ್ತರ ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿತ್ತು. ಆದರೆ ಆ ನಾಲ್ಕು ಸಾಲು ತಿಳಿಯುವುದಕ್ಕೆ ಎಷ್ಟು ಜನ ಎಷ್ಟು ವರ್ಷ ಒದ್ದಾಡಿದರೆಂದು ಓದುತ್ತ ಹೋದ ಹಾಗೆ, ಇದು ನಮ್ಮ ಚರಿತ್ರೆಯ ಪಾಠಕ್ಕೇ ಸೇರಬೇಕಾದ್ದು ಎನಿಸಿತು.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಸಸ್ಯಲೋಕವನ್ನೆಲ್ಲ 24 ವರ್ಗಗಳಾಗಿ ವಿಂಗಡಿಸಿದ. ಹೂವಿನೊಳಗಿನ ಕೇಸರವೇ ಗಂಡ, ಶಲಾಕೆಯೇ ಹೆಂಡತಿ, ಎಸಳುಗಳೇ ಅವರ ಮಂಚದ ಪರದೆ. ಒಂದು ಹೂವಿನಲ್ಲಿ ಒಬ್ಬ ಗಂಡ, ಇನ್ನೊಂದರಲ್ಲಿ ಇಬ್ಬರು, ಮತ್ತೊಂದರಲ್ಲಿ ಇಪ್ಪತ್ತು. ಹೀಗೆ ಗಂಡಂದಿರ ಸಂಖ್ಯೆಯ ಮೇಲೆ ಅವನ ವರ್ಗೀಕರಣ ನಿಂತಿತ್ತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಸೀಗೆಸ್‌ಬೆಕ್ ಎಂಬ ಪಂಡಿತ ಇದು ಶುದ್ಧ ಅಸಭ್ಯ ಎಂದು ಕೂಗಾಡಿದ. ದ್ರೌಪದಿಯ ಕತೆ ಕೇಳಿ ಬೆಳೆದ ನಮಗೆ ಅಷ್ಟೇನೂ ಗಾಬರಿಯಾಗುವುದಿಲ್ಲ ಬಿಡಿ.

ಕೊನೆಯ ವರ್ಗಕ್ಕೆ ಬರುವಾಗ ಹೂವೇ ಕಾಣದ ಗಿಡಗಳು ಮಿಕ್ಕಿದ್ದವು. ಜರೀಗಿಡ, ಹಾವಸೆ, ಪಾಚಿ, ಅಣಬೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಲಿನೇಯಸ್ 'ಕ್ರಿಪ್ಟೊಗೇಮಿಯಾ' ಎಂದು ಹೆಸರು ಬರೆದ. ಗ್ರೀಕಿನಲ್ಲಿ ಹಾಗೆಂದರೆ ಗುಟ್ಟಿನ ಮದುವೆ. ಇವರಿಗೆ ಮದುವೆಯೇ ಇಲ್ಲ ಎಂದು ಅವನು ಬರೆಯಲಿಲ್ಲ, ನಡೆದದ್ದು ಕಾಣುವುದಿಲ್ಲ ಎಂದ. ಆ ಎಚ್ಚರ ನನಗೆ ಮೆಚ್ಚುಗೆ. ಆದರೆ ಗುಂಪು ಮಾತ್ರ ಮಿಕ್ಕವರ ಗುಂಪು. ಹೂವಿಲ್ಲದವರು, ಕಾಯಿಲ್ಲದವರು, ಬೀಜವಿಲ್ಲದವರು ಎಂಬುದೇ ಅವರ ಗುರುತು. ಮುಂದೆ ಇವಕ್ಕೆ 'ಕೆಳವರ್ಗದ ಸಸ್ಯಗಳು' ಎಂಬ ಹೆಸರೂ ಅಂಟಿಕೊಂಡು ಬಹಳ ಕಾಲ ನಡೆಯಿತು.

ಬೀಜವಿಲ್ಲದೆ ಗಿಡ ಹೇಗೆ ಹುಟ್ಟೀತು ಎಂಬ ಪ್ರಶ್ನೆ ಯೂರೋಪಿನ ಹಳ್ಳಿಯವರಿಗೂ ಇತ್ತು. ಅವರು ಅದನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಜರೀಗಿಡಕ್ಕೆ ಬೀಜ ಇದೆ, ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ಜೂನ್ ತಿಂಗಳಲ್ಲಿ ಬರುವ ಸಂತ ಜಾನನ ಹಬ್ಬದ ರಾತ್ರಿ ಮಾತ್ರ ಉದುರುತ್ತದೆ. ಅದನ್ನು ಹಿಡಿದು ಜೇಬಿನಲ್ಲಿಟ್ಟುಕೊಂಡವನೂ ಯಾರ ಕಣ್ಣಿಗೂ ಬೀಳದೆ ಓಡಾಡಬಹುದು! ಷೇಕ್ಸ್‌ಪಿಯರನ 'ನಾಲ್ಕನೆಯ ಹೆನ್ರಿ' ನಾಟಕದ ಕಳ್ಳರು ಕೂಡ ಈ ಬೀಜದ ಮಾತಾಡುತ್ತಾರೆ.

ಎಲೆಯನ್ನು ಮಗುಚಿ ನೋಡಿದರೆ ಬೆನ್ನಿನಲ್ಲಿ ಸಾಲಾಗಿ ಕಂದು ಚುಕ್ಕೆಗಳಿರುತ್ತವೆ. ಅವುಗಳಿಂದ ನಶ್ಯದಂಥ ಧೂಳು ಉದುರುತ್ತದೆ. ಇದೇ ಬೀಜವಿರಬಹುದೇ ಎಂದು ಪರೀಕ್ಷೆ ಮಾಡಿ ನೋಡಿದವನು ಜಮೈಕಾ ದ್ವೀಪದಲ್ಲಿ ವೈದ್ಯನಾಗಿದ್ದ ಜಾನ್ ಲಿಂಡ್ಸೆ. ಧೂಳನ್ನು ಕುಂಡದ ಮಣ್ಣಿನ ಮೇಲೆ ಉದುರಿಸಿ, ದಿನವೂ ಸ್ವಲ್ಪ ಸ್ವಲ್ಪ ಮಣ್ಣು ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ಕಣಗಳು ಹಸಿರಾದವು, ಹರಡಿ ಚಿಕ್ಕ ಬಿಲ್ಲೆಗಳಾದವು, ಬಿಲ್ಲೆಯಿಂದ ಜರೀಗಿಡದ ಮರಿ ಎದ್ದಿತು. 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಅವನ ವರದಿಯನ್ನು ಅಚ್ಚು ಮಾಡಿತು. ಹಡಗಿನಲ್ಲಿ ಜೀವಂತ ಗಿಡವನ್ನು ಹೊತ್ತು ತರುವ ಬದಲು ಧೂಳನ್ನು ಪೊಟ್ಟಣ ಕಟ್ಟಿ ತಂದರೂ ಸಾಕು ಎಂಬುದು ತೋಟಗಾರರಿಗೆ ದೊಡ್ಡ ಅನುಕೂಲವಾಯಿತು. ಇಷ್ಟಾದರೂ ಮದುವೆ ಎಲ್ಲಿ ನಡೆಯಿತು ಎಂಬುದು ಗುಟ್ಟಾಗಿಯೇ ಉಳಿಯಿತು. ಎಲ್ಲರೂ ಅದನ್ನು ದೊಡ್ಡ ಎಲೆಯ ಮೇಲೇ ಹುಡುಕುತ್ತಿದ್ದರು.

ಅದು ನಡೆಯುವುದು ಲಿಂಡ್ಸೆ ಕಂಡ ಆ ಹಸಿರು ಬಿಲ್ಲೆಯ ಅಡಿಯಲ್ಲಿ. ಬಿಲ್ಲೆಗೆ ಹೃದಯದ ಆಕಾರ, ಅಗಲ ಒಂದು ಸೆಂಟಿಮೀಟರೂ ಇರುವುದಿಲ್ಲ. 1844ರಲ್ಲಿ ನೇಗೆಲಿ ಎಂಬ ಸ್ವಿಸ್ ವಿಜ್ಞಾನಿ ಅದರ ಅಡಿಯಲ್ಲಿ ಸುರುಳಿಯಾಕಾರದ ಗಂಡುಕಣಗಳು ಈಜುವುದನ್ನು ಕಂಡ. 1848ರಲ್ಲಿ ಪೋಲೆಂಡಿನ ಜಮೀನ್ದಾರಿ ಮನೆತನದ ಸುಮಿನ್‌ಸ್ಕಿ ಎಂಬ ಯುವಕ ಅದೇ ಬಿಲ್ಲೆಯಲ್ಲಿ ಅಂಡವಿರುವ ಪುಟ್ಟ ಹೂಜಿಗಳನ್ನು ಪತ್ತೆ ಮಾಡಿದ. ಮಳೆಯದೋ ಇಬ್ಬನಿಯದೋ ತೆಳುವಾದ ನೀರಿನ ಪೊರೆಯಲ್ಲಿ ಗಂಡುಕಣ ಈಜಿ ಹೂಜಿಯ ಬಾಯಿಗೆ ಬರುತ್ತದೆ. ದಾರಿ ತಪ್ಪದಂತೆ ಅದನ್ನು ಸೆಳೆಯುವುದು ಮ್ಯಾಲಿಕ್ ಆಮ್ಲ, ಅಂದರೆ ಸೇಬಿನ ಹುಳಿ ಎಂದು 1884ರಲ್ಲಿ ಫೆಫರ್ ತೋರಿಸಿದ.

ಈ ತುಣುಕುಗಳನ್ನೆಲ್ಲ ಒಂದು ಹೆಣಿಗೆಗೆ ತಂದವನ ಬಗ್ಗೆ ನನಗೆ ಬಹಳ ಅಭಿಮಾನ. ಹೆಸರು ವಿಲ್ಹೆಲ್ಮ್ ಹೋಫ್‌ಮೈಸ್ಟರ್. ಲೈಪ್‌ಜಿಗ್‌ನಲ್ಲಿ ಸಂಗೀತದ ಪುಸ್ತಕಗಳನ್ನು ಅಚ್ಚು ಹಾಕಿ ಮಾರುತ್ತಿದ್ದವನ ಮಗ. ಹದಿನೈದಕ್ಕೆ ಶಾಲೆ ಬಿಟ್ಟು ಅಪ್ಪನ ಅಂಗಡಿಗೆ ಕೂತ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕಣ್ಣು ಎಷ್ಟು ಮಂದವೆಂದರೆ ದೂರದ್ದೇನೂ ಕಾಣದು, ಆದರೆ ಮೂಗಿನ ಹತ್ತಿರ ಹಿಡಿದ ವಸ್ತು ಬೇರೆಯವರಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಗಡಿ ಬಾಗಿಲು ತೆರೆಯುವ ಮುನ್ನ, ಬೆಳಗಿನ ಜಾವ ಎದ್ದು ಕೂತು, ಕೂದಲೆಳೆಯಷ್ಟು ತೆಳುವಾಗಿ ಗಿಡಗಳನ್ನು ಸೀಳಿ ನೋಡುತ್ತಿದ್ದ. 1851ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅವನು ಬರೆದ ಪುಸ್ತಕ ಸಸ್ಯಶಾಸ್ತ್ರದ ದಿಕ್ಕನ್ನೇ ತಿರುಗಿಸಿತು. ಪದವಿಯೇ ಇಲ್ಲದ ಅವನನ್ನು 1863ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಕರೆದು ಪ್ರಾಧ್ಯಾಪಕನನ್ನಾಗಿ ಮಾಡಿಕೊಂಡಿತು.

ಅವನು ಹೇಳಿದ್ದು ಇಷ್ಟು. ಜರೀಗಿಡದ ಬಾಳು ಎರಡು ತಲೆಮಾರುಗಳ ಸರದಿ. ನಮಗೆ ಕಾಣುವ ಎಲೆಯ ಗಿಡ ಮದುವೆಯಿಲ್ಲದೆ ಬೀಜಾಣುಗಳನ್ನು ಉದುರಿಸುತ್ತದೆ. ಬೀಜಾಣುವಿನಿಂದ ಹುಟ್ಟುವ ಹಸಿರು ಬಿಲ್ಲೆಯೇ ಬೇರೊಂದು ಜೀವ, ಮದುವೆ ಅದರ ಪಾಲಿನದು. ಆ ಮದುವೆಯಿಂದ ಮತ್ತೆ ಎಲೆಯ ಗಿಡ. ಮಗಳು ತಾಯಿಯಂತಿರುವುದಿಲ್ಲ, ಮೊಮ್ಮಗಳು ಅಜ್ಜಿಯಂತಿರುತ್ತಾಳೆ ಎನ್ನಿ. ಹಾವಸೆಯಲ್ಲಿ ಇದೇ ಸರದಿ ಉಂಟು, ಆದರೆ ಅಲ್ಲಿ ಮದುವೆಯ ತಲೆಮಾರೇ ದೊಡ್ಡದು. ಪೈನ್ ಮರದಲ್ಲೂ ಉಂಟು, ಅಲ್ಲಿ ಅದು ಸಣ್ಣದಾಗಿ ಸಣ್ಣದಾಗಿ ಬೀಜವಾಗುವ ಗಂಟಿನೊಳಗೇ ಅಡಗಿಬಿಟ್ಟಿದೆ. ಹಾವಸೆಯಿಂದ ಪೈನ್ ಮರದವರೆಗೆ ಒಂದೇ ಕಟ್ಟಳೆ ಎಂದು ಅವನು ತೋರಿಸಿದ್ದು, ಡಾರ್ವಿನ್ ವಿಕಾಸವಾದದ ಪುಸ್ತಕ ಹೊರತರುವುದಕ್ಕೆ ಎಂಟು ವರ್ಷ ಮೊದಲು. ಹೂವಿರುವವರು ಹೂವಿಲ್ಲದವರು ಎಂಬ ಗೋಡೆ ಅಲ್ಲಿಗೆ ಬಿರುಕು ಬಿಟ್ಟಿತು.

ನಮ್ಮ ಸೋದರತ್ತೆಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದರು. ಬಾವಿಕಟ್ಟೆಯ ಕಲ್ಲಿನ ಸಂದಿಯ ಜರೀಗಿಡಗಳಿಗೆ ಬೇಸಿಗೆಯಲ್ಲಿ ಕೊಡ ಬಗ್ಗಿಸಿ ನೀರು ಹನಿಸುವುದು ಅವರ ರೂಢಿ. ನೀರಿಗೆ ಬಂದ ನೆರೆಮನೆಯ ಹೆಂಗಸೊಬ್ಬಳು ಒಮ್ಮೆ, "ಹೂ ಕಾಣದ ಗಿಡಕ್ಕೆ ಮಕ್ಕಳ ಕಾಣದವಳ ಉಪಚಾರ" ಎಂದು ನಗುತ್ತಲೇ ಅಂದುಬಿಟ್ಟಳು. ಅತ್ತೆ ಮಾತಾಡಲಿಲ್ಲ. ಅವರ ಸೆರಗು ಹಿಡಿದು ನಿಂತಿದ್ದ ನನ್ನನ್ನು ಬಗ್ಗಿಸಿ, "ನೋಡು ಪುಟ್ಟಿ, ನಾಳೆಗೆ ಈ ಸುರುಳಿ ಬಿಚ್ಚುತ್ತೆ" ಎಂದರು. ನಮ್ಮ ಮನೆಯ ನಾಲ್ಕೂ ಮಕ್ಕಳಿಗೆ ಎಣ್ಣೆ ಹಚ್ಚಿ ನೀರೆರೆದು ಅಕ್ಷರ ತಿದ್ದಿಸಿದವರು ಅವರೇ. ಮಕ್ಕಳಿಲ್ಲದವಳು, ಗಂಡನಿಲ್ಲದವಳು ಎಂದು ಇಲ್ಲದ್ದನ್ನು ಎಣಿಸಿ ಹೆಂಗಸನ್ನು ಸಾಲಿಗೆ ನಿಲ್ಲಿಸುವ ಈ ವಿದ್ಯೆ ಗಿಡಗಳ ಪುಸ್ತಕದಲ್ಲೂ ಕಂಡಾಗ ನನಗೆ ಆ ಬಾವಿಕಟ್ಟೆ ನೆನಪಾಗಿತ್ತು.

ಅತ್ತ ಹೋಫ್‌ಮೈಸ್ಟರ್ ತನ್ನ ಪುಸ್ತಕ ಮುಗಿಸುತ್ತಿದ್ದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಜರೀಗಿಡದ ಹುಚ್ಚು ಹತ್ತಿತ್ತು. ಅದಕ್ಕೆ ಕಾರಣ ಒಂದು ಗಾಜಿನ ಸೀಸೆ. ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಸಮೇತ ಸೀಸೆಯಲ್ಲಿಟ್ಟು ಮುಚ್ಚಿದ್ದ. ಪತಂಗದ ಕತೆ ಹಾಗಿರಲಿ, ಮಣ್ಣಿನಲ್ಲಿ ಒಂದು ಜರೀಗಿಡ ಚಿಗುರಿತು. ಲಂಡನ್ನಿನ ಹೊಗೆಯಲ್ಲಿ ಸಾಯುತ್ತಿದ್ದ ಗಿಡ ಮುಚ್ಚಿದ ಗಾಜಿನೊಳಗೆ ಬದುಕಿತು. ಆಮೇಲೆ ಉಳ್ಳವರ ಮನೆಯ ನಡುಮನೆಯಲ್ಲೆಲ್ಲ ಗಾಜಿನ ಪೆಟ್ಟಿಗೆ, ಒಳಗೆ ಜರೀಗಿಡ. ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಲೇಖಕ 1855ರಲ್ಲಿ ಈ ಹುಚ್ಚಿಗೆ 'ಟೆರಿಡೋಮೇನಿಯಾ' ಎಂದು ಹೆಸರಿಟ್ಟ. ಹಿಡಿದವರಲ್ಲಿ ಹೆಂಗಸರೇ ಬಹಳ. ಗಂಡಹೆಂಡಿರ ಲೆಕ್ಕವಿರುವ ಹೂವಿನ ಪಾಠ ಹುಡುಗಿಯರಿಗೆ ಬೇಡ ಎಂದು ತಕರಾರು ತೆಗೆದ ದೇಶ ಅದು. ಜರೀಗಿಡದಲ್ಲಿ ಅಂಥ ತಾಪತ್ರಯ ಮೇಲುನೋಟಕ್ಕೆ ಇಲ್ಲವಲ್ಲ! ಅಪ್ಪಂದಿರು ಹೋಫ್‌ಮೈಸ್ಟರನ ಪುಸ್ತಕ ಓದಿರಲಿಕ್ಕಿಲ್ಲ. ಹುಚ್ಚಿನ ಭರದಲ್ಲಿ ಐರ್ಲೆಂಡಿನ ಕಿಲಾರ್ನಿ ಜರೀಗಿಡದಂಥ ಅಪರೂಪದ ಜಾತಿಗಳನ್ನು ಕಿತ್ತು ಕಿತ್ತು ಬರಿದು ಮಾಡಿದರು ಎಂಬುದೂ ನಿಜ.

ನಮ್ಮ ಕಡೆಯ ಜರೀಗಿಡಗಳಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಅದೇ ಕಾಲದಲ್ಲಿ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ 1863ರಿಂದ ದಕ್ಷಿಣ ಭಾರತದ ಜರೀಗಿಡಗಳ ಸಚಿತ್ರ ಗ್ರಂಥ ಹೊರತಂದ, 1883ರಲ್ಲಿ ಭಾರತ, ಸಿಂಹಳ, ಮಲಯ ಎಲ್ಲಕ್ಕೂ ಸೇರಿಸಿ ಕೈಪಿಡಿ ಬರೆದ. ಆಗ ನಮ್ಮ ದಕ್ಷಿಣ ಕನ್ನಡವೂ ಮದ್ರಾಸಿಗೇ ಸೇರಿತ್ತು. ಇಂದಿಗೂ ಪಶ್ಚಿಮ ಘಟ್ಟದ ಜರೀಗಿಡ ಹುಡುಕಿ ಹೊರಟವರು ಬೆಡ್ಡೋಮನ ಚಿತ್ರಗಳನ್ನು ತಿರುವಿ ಹಾಕುತ್ತಾರೆ.

ಆದರೆ ಬೆಡ್ಡೋಮನ ಕಾಲದ ವರ್ಗೀಕರಣ ಮುಖ ನೋಡಿ ನಂಟು ಹೇಳುವ ಬಾಬತ್ತು. ಎಲೆಯ ಬೆನ್ನಿನ ಚುಕ್ಕೆ ದುಂಡಗಿದೆಯೇ ಉದ್ದಕ್ಕಿದೆಯೇ, ಅಂಚಿನಲ್ಲಿದೆಯೇ ನಡುವೆಯೇ, ಮೇಲೆ ಮುಚ್ಚಳವಿದೆಯೇ ಇಲ್ಲವೇ ಎಂಬುದೇ ಮುಖ್ಯ. ದುಂಡು ಚುಕ್ಕೆ, ಮುಚ್ಚಳವಿಲ್ಲ ಎಂದರೆ 'ಪಾಲಿಪೋಡಿಯಂ'. ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ನೂರಾರು ಪ್ರಭೇದಗಳು ಆ ಒಂದು ಹೆಸರಿನಡಿ ಬಂದು ಬಿದ್ದವು. ಇಲ್ಲೂ ನೋಡಿ, ಮುಚ್ಚಳ 'ಇಲ್ಲ' ಎಂಬುದೇ ಗುರುತು. ಮುಚ್ಚಳವನ್ನು ಬೇರೆ ಬೇರೆ ಮನೆತನಗಳು ಬೇರೆ ಬೇರೆ ಕಾಲದಲ್ಲಿ ಕಳೆದುಕೊಂಡಿರಬಹುದು. ಈ ಗಂಟನ್ನು ಬಿಚ್ಚಲು ಗ್ಲಾಸ್ಗೋದ ಬೋವರ್, ಚೀನಾದ ಚಿಂಗ್ ಮೊದಲಾದವರು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಹೆಣಗಿದರು.

ಆಮೇಲೆ ಬಂದವರು ಐರೀನ್ ಮ್ಯಾಂಟನ್. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಇವರ ಅಕ್ಕ ಸಿಡ್ನಿ ಪ್ರಾಣಿಶಾಸ್ತ್ರಜ್ಞೆ. ಅಕ್ಕತಂಗಿಯರಿಬ್ಬರೂ ರಾಯಲ್ ಸೊಸೈಟಿಯ ಸದಸ್ಯರಾದರು. ಐರೀನ್ ಮುಂದೆ ಲಿನಿಯನ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷರೂ ಆದರು. ಇವರು ಎಲೆಯ ಮುಖ ನೋಡುವುದನ್ನು ಬಿಟ್ಟು ಕೋಶದೊಳಗಿನ ವರ್ಣತಂತುಗಳನ್ನು ಎಣಿಸತೊಡಗಿದರು. 1950ರ ಅವರ ಗ್ರಂಥದಿಂದ, ಒಂದೇ ಎಂದುಕೊಂಡಿದ್ದ ಜರೀಗಿಡಗಳಲ್ಲಿ ಹಲವು, ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಂಡವು ಎಂದು ತಿಳಿಯಿತು. 1954ರಲ್ಲಿ ತಿರುವನಂತಪುರದ ಅಬ್ರಹಾಂ ಮತ್ತು ನೈನಾನ್ ಎಂಬ ವಿಜ್ಞಾನಿಗಳು ಓಫಿಯೋಗ್ಲಾಸಮ್ ಎಂಬ ಗೇಣುದ್ದದ, ಒಂದೇ ಎಲೆಯ ಪುಟ್ಟ ಜರೀಗಿಡದ ಕೋಶದಲ್ಲಿ 1260 ವರ್ಣತಂತುಗಳನ್ನು ಎಣಿಸಿದರು. ಮನುಷ್ಯನಲ್ಲಿ ಇರುವುದು 46. ಅದೂ ಸರಿಯಾಗಿ ಗೊತ್ತಾದದ್ದು 1956ರಲ್ಲಿ, ಅಲ್ಲಿಯವರೆಗೆ 48 ಎಂದುಕೊಂಡಿದ್ದರು. ನಮ್ಮ ಲೆಕ್ಕಕ್ಕಿಂತ ಎರಡು ವರ್ಷ ಮೊದಲೇ ಆ 'ಕೆಳವರ್ಗ'ದ ಗಿಡದ ಲೆಕ್ಕ ಆಗಿತ್ತು.

ಇಷ್ಟೆಲ್ಲ ಕೂಡಿಸಿ ಕಳೆದು ಹೆಸರಿಡುವುದರಿಂದ ಅನ್ನ ಹುಟ್ಟುತ್ತದೆಯೇ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರು ಕೇಳಿದ್ದರು. ಹುಟ್ಟುತ್ತದೆ. ಕೇರಳದ ಕುಟ್ಟನಾಡಿನ ಗದ್ದೆಗಳಲ್ಲಿ ಹುಟ್ಟಿದೆ.

ಸಾಲ್ವೀನಿಯಾ ಎಂಬುದು ನೀರಿನ ಮೇಲೆ ತೇಲುವ ಜರೀಗಿಡ. ದಕ್ಷಿಣ ಅಮೆರಿಕದ್ದು. 1939ರಲ್ಲಿ ಕೊಲಂಬೋದ ಸಸ್ಯಶಾಸ್ತ್ರ ವಿಭಾಗಕ್ಕೆಂದು ಸಿಂಹಳಕ್ಕೆ ತಂದದ್ದು ಹೊರಗೆ ಹರಡಿತು. 1950ರ ದಶಕದಲ್ಲಿ ಕೇರಳದ ಹಿನ್ನೀರಿನಲ್ಲಿ ಕಾಣಿಸಿಕೊಂಡಿತು. ಅನುಕೂಲ ಸಿಕ್ಕರೆ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುವ ಗಿಡ. ಕಾಲುವೆ ಮುಚ್ಚಿತು, ದೋಣಿ ನಿಂತಿತು, ಮೀನಿನ ಬಲೆ ಮುಳುಗದಾಯಿತು. ನಾಟಿಗೆ ಮುಂಚೆ ಗದ್ದೆಯಿಂದ ಅದನ್ನು ಬುಟ್ಟಿಗಟ್ಟಲೆ ಹೊತ್ತು ಹಾಕುವ ಕೂಲಿಯೇ ರೈತನ ಬೆನ್ನು ಮುರಿಯಿತು. ಜನ ಅದನ್ನು 'ಆಫ್ರಿಕನ್ ಪಾಯಲ್' ಎಂದರು. ಊರಿನ ಹೆಸರೂ ತಪ್ಪು. ವಿಜ್ಞಾನಿಗಳು 'ಸಾಲ್ವೀನಿಯಾ ಆರಿಕ್ಯುಲೇಟಾ' ಎಂದರು, ಅದೂ ತಪ್ಪು.

ಆ ಎರಡನೆಯ ತಪ್ಪು ದುಬಾರಿಯಾಯಿತು. ಆರಿಕ್ಯುಲೇಟಾವನ್ನು ತಿನ್ನುವ ಹುಳುಗಳನ್ನು 1960ರ ದಶಕದಲ್ಲಿ ಟ್ರಿನಿಡಾಡ್‌ನಿಂದ ಹಿಡಿದು ತಂದು ಆಫ್ರಿಕದಲ್ಲಿ, ಬೇರೆ ಕಡೆಗಳಲ್ಲಿ ಬಿಟ್ಟರು. ಕೆಲಸವಾಗಲಿಲ್ಲ. ಆಫ್ರಿಕದ ಕರೀಬಾ ಜಲಾಶಯದಲ್ಲಿ ಈ ಕಳೆಯ ಹಿಂದೆ ಬಿದ್ದಿದ್ದ ಡೇವಿಡ್ ಮಿಚೆಲ್ 1972ರಲ್ಲಿ, ಇದು ಆರಿಕ್ಯುಲೇಟಾ ಅಲ್ಲವೇ ಅಲ್ಲ, ಬೇರೆಯೇ ಪ್ರಭೇದ ಎಂದು ತೋರಿಸಿ 'ಮೊಲೆಸ್ಟಾ' ಎಂದು ಹೆಸರಿಟ್ಟ. ಹಾಗೆಂದರೆ ಪೀಡೆ ಕೊಡುವಂಥದು. ಇದು ಬೀಜಾಣುವಿನಿಂದ ಬೆಳೆಯಲಾರದ, ಬರೀ ತುಂಡಾಗಿ ಹರಡುವ ಬೆರಕೆ. ಇದರ ನಿಜವಾದ ತವರು ಯಾವುದೆಂದು ಆಮೇಲೆ ಹುಡುಕಿ, 1978ರಲ್ಲಿ ಆಗ್ನೇಯ ಬ್ರೆಜಿಲ್ ಎಂದು ಕಂಡುಕೊಂಡರು. ತವರಿನಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಟ್ಟ ಒಂದು ಪುಟ್ಟ ಮೂತಿಹುಳು ಸಿಕ್ಕಿತು. ಹಳೆಯ ಹುಳುವಿನ ಹಾಗೇ ಕಾಣುತ್ತಿದ್ದ ಅದೂ ಬೇರೆ ಪ್ರಭೇದ ಎಂದು ಗೊತ್ತಾದದ್ದು 1985ರಲ್ಲಿ! 1980ರಲ್ಲಿ ಆಸ್ಟ್ರೇಲಿಯಾದ ಮೂಂಡರಾ ಕೆರೆಗೆ ಅದನ್ನು ಬಿಟ್ಟರು, ಸುಮಾರು ಒಂದು ವರ್ಷದಲ್ಲಿ ಕೆರೆ ತಿಳಿಯಾಯಿತು. ಅಲ್ಲಿಂದ ನಮ್ಮ ದೇಶಕ್ಕೆ ತರಿಸಿ, 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟು ನೋಡಿದರು. ಒಂದು ವರ್ಷದೊಳಗೆ ಕೊಳ ಬಿಡುಗಡೆಯಾಯಿತು. ಕೇರಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹುಳುವನ್ನು ಸಾಕಿ ಕಾಲುವೆಗಳಿಗೆ ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ದೋಣಿಯ ದಾರಿಗಳು ತೆರೆದುಕೊಂಡವು. ಗಿಡದ ನಿಜವಾದ ಮನೆತನ ತಿಳಿಯದೆ ಇದು ಸಾಧ್ಯವಿತ್ತೇ?

ಇನ್ನು ಡಿ.ಎನ್.ಎ. ಕತೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಎಂಬ ಕಣದೊಳಗೂ ಒಂದು ಚಿಕ್ಕ ಡಿ.ಎನ್.ಎ. ಬಳೆ ಇರುತ್ತದೆ. 1992ರಲ್ಲಿ ಲಿಂಡಾ ರೌಬೆಸನ್ ಮತ್ತು ರಾಬರ್ಟ್ ಜಾನ್ಸೆನ್ ಆ ಬಳೆಯಲ್ಲಿ ಸುಮಾರು ಮೂವತ್ತು ಸಾವಿರ ಅಕ್ಷರಗಳಷ್ಟು ಉದ್ದದ ಒಂದು ತುಂಡನ್ನು ಗಮನಿಸಿದರು. ಸೀರೆಯ ಅಂಚನ್ನು ಒಂದು ಕಡೆ ಕತ್ತರಿಸಿ ತಿರುಗಿಸಿ ಹೊಲಿದರೆ ಹೇಗೋ ಹಾಗೆ ಆ ತುಂಡು ತಿರುಗುಮುರುಗಾಗಿದೆ. ಜರೀಗಿಡದಲ್ಲಿ, ಪೈನ್ ಮರದಲ್ಲಿ, ಮಾವಿನಲ್ಲಿ, ಭತ್ತದಲ್ಲಿ ಎಲ್ಲ ಕಡೆ ಹೀಗೇ. ಆದರೆ ಲೈಕೋಪೋಡಿಯಂ, ಸೆಲಾಜಿನೆಲ್ಲಾಗಳಲ್ಲಿ ತಿರುಗಿಲ್ಲ, ಹಾವಸೆಯಲ್ಲಿದ್ದಂತೆಯೇ ಇದೆ. ಒಂದೇ ಹೊಲಿಗೆಯ ಸೀರೆ ಉಟ್ಟವರೆಲ್ಲ ಒಂದೇ ಮನೆಯವರು ಎಂದ ಹಾಗಾಯಿತು.

ಇದರ ಅರ್ಥ ಸಣ್ಣದಲ್ಲ. ನೀರು ಸಾಗಿಸುವ ನಾಳ ಉಂಟು, ಬೀಜ ಇಲ್ಲ ಎಂಬ ಕಾರಣಕ್ಕೆ ಜರೀಗಿಡಗಳನ್ನೂ ಲೈಕೋಪೋಡಿಯಂ ಬಳಗವನ್ನೂ ಒಂದೇ ಕುಲವೆಂದು ಪುಸ್ತಕಗಳು ಹೇಳುತ್ತ ಬಂದಿದ್ದವು. ಈ ಎರಡು ಬಳಗಗಳು ಬೇರೆಯಾಗಿ ಸುಮಾರು ನಲವತ್ತು ಕೋಟಿ ವರ್ಷ ಆಗಿದೆ. ಜರೀಗಿಡಕ್ಕೆ ಲೈಕೋಪೋಡಿಯಂಗಿಂತ ನಮ್ಮ ಅಂಗಳದ ದಾಸವಾಳ ಹತ್ತಿರದ ನಂಟು. ಸಂಜೀವಿನಿ ಎಂದು ಹೆಸರಾದ, ಒಣಗಿ ಮುದುರಿ ನೀರು ಬಿದ್ದೊಡನೆ ಮತ್ತೆ ಹಸಿರಾಗುವ ಸೆಲಾಜಿನೆಲ್ಲಾ ಕೂಡ ಆ ದೂರದ ಬಳಗದ್ದೇ. ಕಾದಂಬರಿಗಳಿಂದ ನಮಗೆ ಪರಿಚಿತರಾದ ವಿಜ್ಞಾನಿ ಕೆ.ಎನ್. ಗಣೇಶಯ್ಯ ಮತ್ತು ಸಂಗಡಿಗರು 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ರಾಮಾಯಣದ ಸಂಜೀವಿನಿ ಯಾವುದಿದ್ದೀತು ಎಂದು ಹುಡುಕುತ್ತ ಹೋದಾಗ ಪಟ್ಟಿಯಲ್ಲಿ ಉಳಿದ ಗಿಡಗಳಲ್ಲಿ ಇದೂ ಒಂದು.

2001ರಲ್ಲಿ ಕ್ಯಾಥ್ಲೀನ್ ಪ್ರಯರ್ ಮತ್ತು ಜೊತೆಗಾರರು ಇನ್ನೊಂದು ಮನೆಜಗಳ ತೀರಿಸಿದರು. ಸೈಲೋಟಮ್ ಎಂಬ ಗಿಡ ಘಟ್ಟದ ಮರಗಳ ಮೇಲೂ ಬಂಡೆಗಳ ಸಂದಿಯಲ್ಲೂ ಸಿಗುತ್ತದೆ. ಬೇರಿಲ್ಲ, ಹೇಳಿಕೊಳ್ಳುವಂಥ ಎಲೆಯಿಲ್ಲ, ಕವಲೊಡೆದ ಹಸಿರು ಕಡ್ಡಿಗಳು, ಅಷ್ಟೇ. ಸ್ಕಾಟ್‌ಲೆಂಡಿನ ರೈನೀ ಊರಿನ ಕಲ್ಲಿನಲ್ಲಿ ಸಿಕ್ಕ ನಲವತ್ತು ಕೋಟಿ ವರ್ಷ ಹಳೆಯ ಪಳೆಯುಳಿಕೆಗಳೂ ಹೀಗೇ ಇದ್ದುದರಿಂದ, ನೆಲದ ಗಿಡಗಳಲ್ಲೆಲ್ಲ ಇದೇ ಮುತ್ತಜ್ಜಿ ಎಂದು ಮೂಲೆಯಲ್ಲಿ ಕೂರಿಸಿ ಕಾಲಿಗೆ ಬೀಳುತ್ತಿದ್ದರು. ಡಿ.ಎನ್.ಎ. ನೋಡಿದರೆ ಇದು ಮುತ್ತಜ್ಜಿಯೂ ಅಲ್ಲ, ಏನೂ ಅಲ್ಲ. 1260 ವರ್ಣತಂತುಗಳ ಓಫಿಯೋಗ್ಲಾಸಮ್‌ನ ದಾಯಾದಿ. ಬೇರು, ಎಲೆ ಇದ್ದದ್ದನ್ನು ಕಳೆದುಕೊಂಡದ್ದು. ಗಂಟುಗಂಟಾದ ಒರಟು ಕಾಂಡದ ಈಕ್ವಿಸೀಟಮ್ ಕೂಡ, ಪಾತ್ರೆ ಉಜ್ಜಲು ಯೂರೋಪಿನ ಹೆಂಗಸರು ಬಳಸುತ್ತಿದ್ದ ಗಿಡ, ಜರೀಗಿಡದ ಮನೆಯೊಳಗಿನದೇ ಎಂದಾಯಿತು.

ಜರೀಗಿಡ ಎಂದರೆ ಹೂಗಿಡಗಳು ಬಂದ ಮೇಲೆ ಮೂಲೆಗೆ ಸರಿದ ಹಳೆಯ ಕಾಲದ ಪಳೆಯುಳಿಕೆ ಎಂಬ ಮಾತೂ 2004ರಲ್ಲಿ ಬಿದ್ದುಹೋಯಿತು. ಹರಾಲ್ಡ್ ಷ್ನೈಡರ್, ಪ್ರಯರ್ ಮೊದಲಾದವರು ಲೆಕ್ಕ ಹಾಕಿ ನೋಡಿದರೆ, ಇಂದಿನ ಜರೀಗಿಡಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಹೂಮರಗಳ ಕಾಡು ಬೆಳೆದ ನಂತರವೇ, ಅವುಗಳ ನೆರಳಿನಲ್ಲೇ. ಮಬ್ಬು ಬೆಳಕಿನಲ್ಲಿ ಬದುಕಲು ನೆರವಾದ ಒಂದು ಜೀನ್ ಅವಕ್ಕೆ ತಾಯಿತಂದೆಯಿಂದ ಬಂದದ್ದಲ್ಲ, ಹಾವಸೆಯ ಸಂಬಂಧಿ ಹಾರ್ನ್‌ವರ್ಟ್‌ನಿಂದ ಕಡ ಬಂದದ್ದು ಎಂದು 2014ರಲ್ಲಿ ಫೇ-ವೇ ಲೀ ಮತ್ತಿತರರು ಬರೆದರು. ನೆರೆಮನೆಯಿಂದ ಹೆಪ್ಪಿಗೆ ಮೊಸರು ತಂದ ಹಾಗೆ!

2016ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೊಸ ಪಟ್ಟಿ ಮಾಡಿದರು. ಲೈಕೋಪೋಡಿಯಂ ಬಳಗ ಬೇರೆ ಮನೆ. ಜರೀಗಿಡಗಳದು 48 ಕುಟುಂಬ, 319 ಕುಲ, 10,578 ಪ್ರಭೇದ. ಹಳೆಯ ಹೆಸರುಗಳು ಬದಲಾಗಿ ಗೊಣಗುವವರೂ ಇದ್ದಾರೆ. 2012ರಲ್ಲಿ ಹತ್ತೊಂಬತ್ತು ಪ್ರಭೇದಗಳ ಒಂದು ಕುಲಕ್ಕೆ ಪ್ರಯರ್ ಬಳಗದವರು ಪಾಪ್ ಗಾಯಕಿ ಲೇಡಿ ಗಾಗಾ ಹೆಸರಿಂದ 'ಗಾಗಾ' ಎಂದೇ ನಾಮಕರಣ ಮಾಡಿದರು. ಆಕೆ ತೊಟ್ಟ ಹಸಿರು ಉಡುಪೊಂದು ಆ ಹೃದಯದ ಬಿಲ್ಲೆಯ ಹಾಗಿತ್ತಂತೆ. ನಮ್ಮ ಹುಡುಗಿಯರಿಗೆ ಈ ಒಂದು ಹೆಸರು ಮಾತ್ರ ಎಷ್ಟು ಬೇಗ ಬಾಯಿಪಾಠವಾಯಿತು!

ಆ ಬಿಲ್ಲೆಯನ್ನು ನೋಡಬೇಕೆನ್ನುವವರು ಮನೆಯಲ್ಲೇ ನೋಡಬಹುದು. ಬೆನ್ನಿನ ಚುಕ್ಕೆ ಕಂದಾದ ಎಲೆಯೊಂದನ್ನು ತಂದು ಚುಕ್ಕೆ ಅಡಿಗಾಗಿ ಬಿಳಿ ಕಾಗದದ ಮೇಲೆ ಒಂದು ರಾತ್ರಿ ಇಡಿ, ಫ್ಯಾನ್ ಹಾಕಬೇಡಿ. ಬೆಳಿಗ್ಗೆ ಕಾಗದವನ್ನು ಮೆಲ್ಲನೆ ವಾಲಿಸಿದರೆ ಹೊಟ್ಟು ಜಾರಿಹೋಗಿ ನಯವಾದ ಧೂಳು ಅಂಟಿಕೊಂಡಿರುತ್ತದೆ. ಇಟ್ಟಿಗೆಯ ಚೂರೊಂದನ್ನು ಕುದಿಸಿ ಆರಿಸಿ, ನೀರಿರುವ ತಟ್ಟೆಯಲ್ಲಿಟ್ಟು, ಧೂಳನ್ನು ಅದರ ಮೇಲೆ ಉದುರಿಸಿ ಗಾಜಿನ ಲೋಟ ಕವುಚಿ. ಬಿಸಿಲು ಬೀಳದ, ಬೆಳಕಿರುವ ಕಿಟಕಿ ಸಾಕು. ಎರಡು ಮೂರು ವಾರಕ್ಕೆ ಇಟ್ಟಿಗೆ ಹಸಿರಾಗುತ್ತದೆ, ಎರಡು ಮೂರು ತಿಂಗಳಿಗೆ ಪುಟ್ಟ ಹೃದಯಗಳು ಕಾಣುತ್ತವೆ. ಆಗ ಲೋಟ ಎತ್ತಿ ಮೇಲಿನಿಂದ ನಾಲ್ಕು ಹನಿ ನೀರು ಚಿಮುಕಿಸುವುದನ್ನು ಮರೆಯಬೇಡಿ. ಗಂಡುಕಣ ಈಜುವುದಕ್ಕೆ ಅಷ್ಟಾದರೂ ನೀರು ಬೇಕು.